ನೋಡುತ್ತ, ಮಾಡುತ್ತ ಕಲಿತ ಚರಿತ್ರೆ: 'ಕಂಪ್ಯೂಟರ್ ಕ್ರಾನಿಕಲ್ಸ್' ಸರಣಿಯೊಂದಿಗೆ ನನ್ನ ಅನುಭವ

ಅಮೆರಿಕದ ಸಾರ್ವಜನಿಕ ಪ್ರಸಾರ ಜಾಲವಾದ ಪಿಬಿಎಸ್‌ನಲ್ಲಿ ಸುಮಾರು ಎರಡು ದಶಕ ಕಾಲ ವಾರಕ್ಕೊಂದರಂತೆ ಮೂಡಿಬಂದ 'ಕಂಪ್ಯೂಟರ್ ಕ್ರಾನಿಕಲ್ಸ್' ಸರಣಿಯನ್ನು ನಾನು ಆಪರೇಟಿಂಗ್ ಸಿಸ್ಟಂ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಪಾಠದ ಜೊತೆಗೆ ಬಳಸುತ್ತ ಬಂದಿದ್ದೇನೆ. ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ ಕಾಲೇಜಿಗೆ ಸೇರಿದ್ದ ಕೆಸಿಎಸ್‌ಎಂ ಎಂಬ ಸಣ್ಣ ಟಿ.ವಿ. ಕೇಂದ್ರದಲ್ಲಿ 1981ರಲ್ಲಿ ಸ್ಥಳೀಯ ಕಾರ್ಯಕ್ರಮವಾಗಿ ಹುಟ್ಟಿದ ಈ ಸರಣಿ 1983ರ ಹೊತ್ತಿಗೆ ದೇಶವ್ಯಾಪಿ ಪ್ರಸಾರಕ್ಕೆ ಬಂದು 2002ರವರೆಗೆ ನಡೆಯಿತು. ಅದನ್ನು ರೂಪಿಸಿ ನಡೆಸಿಕೊಟ್ಟವರು ಆ ಕೇಂದ್ರದ ವ್ಯವಸ್ಥಾಪಕರೇ ಆಗಿದ್ದ ಸ್ಟುವರ್ಟ್ ಶಿಫೇ. ಮೊದಲ ವರ್ಷಗಳಲ್ಲಿ ಅವರ ಪಕ್ಕದಲ್ಲಿ ಸಹನಿರೂಪಕರಾಗಿ ಕುಳಿತವರು ಗ್ಯಾರಿ ಕಿಲ್ಡಾಲ್, ಅಂದರೆ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂ ಬರೆದವರು. ಪರ್ಸನಲ್ ಕಂಪ್ಯೂಟರಿನ ಉದಯವನ್ನು ಕುರಿತು ಆಮೇಲೆ ಬಂದ ಸಾಕ್ಷ್ಯಚಿತ್ರಗಳಿಗೂ ಪುಸ್ತಕಗಳಿಗೂ ಈ ಸರಣಿಗೂ ಒಂದು ಮೂಲಭೂತ ಅಂತರವಿದೆ. ಆಮೇಲೆ ಬಂದವರಿಗೆ ಯಾರು ಗೆದ್ದರೆಂಬುದು ಗೊತ್ತಿತ್ತು. ಇಲ್ಲಿ ಮಾತನಾಡುತ್ತಿರುವವರಿಗೆ ಮುಂದಿನ ವಾರ ಏನಾಗುತ್ತದೆ ಎಂಬುದೂ ಗೊತ್ತಿಲ್ಲ. ಅಟಾರಿ, ಅಮಿಗಾ, ಮ್ಯಾಕಿಂಟಾಷ್, ಐಬಿಎಂ ಪಿಸಿ ಇವೆಲ್ಲವೂ ಒಂದೇ ಮೇಜಿನ ಮೇಲೆ ಒಂದೇ ಗೌರವದಿಂದ ಕೂರುತ್ತವೆ. ಚರಿತ್ರೆಯನ್ನು ಕಲಿಸುವವರಿಗೆ ಇದಕ್ಕಿಂತ ಪ್ರಾಮಾಣಿಕವಾದ ದಾಖಲೆ ಸಿಗುವುದು ಕಷ್ಟ.

ಆದರೆ ಈ ಸರಣಿಯನ್ನು ಸುಮ್ಮನೆ ನೋಡಿದರೆ ಅರ್ಧವಷ್ಟೇ ದಕ್ಕುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅರ್ಧ ಗಂಟೆಯ ಕಂತಿನ ಬಹುಭಾಗ ಪ್ರಾತ್ಯಕ್ಷಿಕೆಗೆ ಮೀಸಲು. ತಂತ್ರಾಂಶ ಬರೆದವರೋ ಅದನ್ನು ಮಾರುವವರೋ ಸ್ಟುಡಿಯೋಕ್ಕೆ ಬಂದು, ಕೀಲಿಮಣೆಯ ಮುಂದೆ ಕುಳಿತು, ಶಿಫೇ ಅವರ ಪ್ರಶ್ನೆಗಳಿಗೆ ಉತ್ತರಿಸುತ್ತಲೇ ಕೆಲಸ ಮಾಡಿ ತೋರಿಸುತ್ತಾರೆ. ಒತ್ತಿದ ಕೀಲಿ, ಪರದೆಯಲ್ಲಿ ಮೂಡಿದ ಸಾಲು, ಡಿಸ್ಕ್ ಓದುವವರೆಗೆ ಕಾಯುವ ಮೌನ ಎಲ್ಲವೂ ಕ್ಯಾಮೆರಾದಲ್ಲಿ ಉಳಿದಿವೆ. ಅಂದರೆ ಪ್ರತಿಯೊಂದು ಕಂತೂ ಒಂದು ಪ್ರಯೋಗದ ಹಾಳೆ. ಆ ಪ್ರಯೋಗವನ್ನು ನಮ್ಮ ಕೈಯಾರೆ ಮರಳಿ ಮಾಡಿದಾಗ, ಅತಿಥಿ ಹೆಮ್ಮೆಯಿಂದ ತೋರಿಸಿದ್ದು ಆ ಕಾಲದವರಿಗೆ ಏಕೆ ದೊಡ್ಡದಾಗಿ ಕಂಡಿತೆಂಬುದು ತಾನಾಗಿ ತಿಳಿಯುತ್ತದೆ. ನಾನು ಅನುಸರಿಸಿದ ಕ್ರಮ ಇಷ್ಟೇ: ಕಂತು ನೋಡುವುದು, ಪ್ರಾತ್ಯಕ್ಷಿಕೆಯ ಹೆಜ್ಜೆಗಳನ್ನು ಬರೆದುಕೊಳ್ಳುವುದು, ಅದೇ ತಂತ್ರಾಂಶವನ್ನು ಎಮ್ಯುಲೇಟರಿನಲ್ಲಿ, ಅಂದರೆ ಹಳೆಯ ಯಂತ್ರದಂತೆಯೇ ವರ್ತಿಸುವ ತಂತ್ರಾಂಶದಲ್ಲಿ, ನಡೆಸಿ ಅದೇ ಹೆಜ್ಜೆಗಳನ್ನು ಇಡುವುದು, ಆಮೇಲೆ ಅದೇ ಕಂತನ್ನು ಇನ್ನೊಮ್ಮೆ ನೋಡುವುದು. ಎರಡನೆಯ ಸಲ ನೋಡುವಾಗ ಕಾಣುವ ಕಂತೇ ಬೇರೆ.

ನನಗೆ ಈ ದಾರಿ ಹೊಳೆದದ್ದಕ್ಕೆ ಒಂದು ಹಿನ್ನೆಲೆಯಿದೆ. ತೊಂಬತ್ತರ ದಶಕದಲ್ಲಿ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಸಾಲಾಗಿ ತೆರೆದುಕೊಂಡ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಕಲಿತವರಿಗೆ ವರ್ಡ್‌ಸ್ಟಾರ್ (ಬರವಣಿಗೆಗೆ), ಲೋಟಸ್ (ಲೆಕ್ಕದ ಹಾಳೆಗೆ), ಡಿಬೇಸ್ (ಮಾಹಿತಿ ಸಂಗ್ರಹಕ್ಕೆ) ಎಂಬ ಮೂರು ಹೆಸರುಗಳು ಮರೆಯುವಂಥವಲ್ಲ. ಚಪ್ಪಲಿ ಹೊರಗೆ ಬಿಟ್ಟು, ಎ.ಸಿ. ಕೋಣೆಯೊಳಗೆ ಹೋಗಿ, ಆಜ್ಞೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದವರ ಪೀಳಿಗೆ ನಮ್ಮದು. ಆ ತಂತ್ರಾಂಶಗಳು ಯಾವ ಸಮಸ್ಯೆಗೆ ಉತ್ತರವಾಗಿ ಹುಟ್ಟಿದವು, ಅವಕ್ಕಿಂತ ಮೊದಲು ಏನಿತ್ತು ಎಂಬುದನ್ನು ಯಾರೂ ಹೇಳಿರಲಿಲ್ಲ. ವರ್ಷಗಳ ಮೇಲೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಈ ಸರಣಿಯ ನೂರಾರು ಕಂತುಗಳು ಉಚಿತವಾಗಿ ಲಭ್ಯವಿರುವುದನ್ನು ಕಂಡಾಗ, ನಾನು ಬೆರಳುಗಳಿಂದ ಮಾತ್ರ ಬಲ್ಲ ವಸ್ತುಗಳನ್ನು ಅವುಗಳ ತಯಾರಕರೇ ವಿವರಿಸುತ್ತಿದ್ದರು.

ಮೊದಲು ಸಲಕರಣೆಗಳ ಮಾತು. ಸಿಪಿ/ಎಂ ನಡೆಸಲು ನಾನು ಸಿಮ್‌ಎಚ್ ಯೋಜನೆಯ ಆಲ್ಟೇರ್ (ಎಪ್ಪತ್ತರ ದಶಕದ ಮೈಕ್ರೋಕಂಪ್ಯೂಟರ್) ಎಮ್ಯುಲೇಟರ್ ಬಳಸುತ್ತೇನೆ. ಐಬಿಎಂ ಪಿಸಿಯ ಆಪರೇಟಿಂಗ್ ಸಿಸ್ಟಂ ಆಗಿದ್ದ ಡಾಸ್‌ನ ತಂತ್ರಾಂಶಗಳಿಗೆ ಡಾಸ್‌ಬಾಕ್ಸ್ ಸಾಕು. ಹಳೆಯ ಪಿಸಿಯ ನಡವಳಿಕೆಯನ್ನು ಇನ್ನೂ ನಿಖರವಾಗಿ ಕಾಣಬೇಕೆಂದರೆ 86ಬಾಕ್ಸ್ ಒಳ್ಳೆಯದು, ಆದರೆ ಅದಕ್ಕೆ ಹಳೆಯ ಯಂತ್ರಗಳ ROM (ಓದಲಷ್ಟೇ ಬರುವ ಮೆಮೊರಿ) ಕಡತಗಳು ಬೇಕಾಗುತ್ತವೆ. ಮ್ಯಾಕಿಂಟಾಷ್‌ಗೆ ಸಂಬಂಧಿಸಿದ್ದನ್ನು ಇಂಟರ್ನೆಟ್ ಆರ್ಕೈವ್ ಬ್ರೌಸರಿನಲ್ಲಿಯೇ ನಡೆಯುವಂತೆ ಒದಗಿಸಿರುವುದರಿಂದ ತರಗತಿಯಲ್ಲಿ ಅದನ್ನೇ ತೆರೆಯುತ್ತೇನೆ. ತಂತ್ರಾಂಶದ ಹಕ್ಕಿನ ವಿಷಯದಲ್ಲಿ ವಿದ್ಯಾರ್ಥಿಗಳೆದುರು ಎಚ್ಚರದಿಂದಿರುವುದು ಶಿಕ್ಷಕರ ಕರ್ತವ್ಯವೆಂದು ನಾನು ನಂಬಿದ್ದೇನೆ. ಹಾಗಾಗಿ ಬಳಸಲು ಸ್ಪಷ್ಟ ಅನುಮತಿಯಿರುವ ತಂತ್ರಾಂಶಗಳನ್ನೇ ಆಯ್ದುಕೊಂಡೆ. ಸಿಪಿ/ಎಂನ ಹಕ್ಕುದಾರರು 2001ರಲ್ಲಿ ಕೊಟ್ಟ ಅನುಮತಿಯನ್ನು 2022ರಲ್ಲಿ ಇನ್ನಷ್ಟು ವಿಸ್ತಾರವಾಗಿ ಸ್ಪಷ್ಟಪಡಿಸಿದ್ದಾರೆ. ವಿಸಿಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯ ತಂತ್ರಾಂಶದ ಐಬಿಎಂ ಪಿಸಿ ಆವೃತ್ತಿಯನ್ನು ಅದರ ಜನಕರಲ್ಲಿ ಒಬ್ಬರಾದ ಡ್ಯಾನ್ ಬ್ರಿಕ್ಲಿನ್ ಅವರೇ ತಮ್ಮ ಜಾಲತಾಣದಲ್ಲಿ ಹಕ್ಕುದಾರರ ಒಪ್ಪಿಗೆ ಪಡೆದು ಇಟ್ಟಿದ್ದಾರೆ. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2014ರಲ್ಲಿ ಎಂಎಸ್-ಡಾಸ್‌ನ ಮತ್ತು ಸಿಪಿ/ಎಂನ ಆರಂಭಿಕ ಆವೃತ್ತಿಗಳ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಬಿಡುಗಡೆ ಮಾಡಿತು. ಇಷ್ಟು ಸಾಮಗ್ರಿ ಒಂದು ಇಡೀ ಸೆಮಿಸ್ಟರಿಗೆ ಸಾಲುತ್ತದೆ.

ಎಮ್ಯುಲೇಟರ್ ಹೂಡುವಾಗ ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಅದರ ವೇಗವನ್ನು ಇಳಿಸುವುದು. ಇಂದಿನ ಲ್ಯಾಪ್‌ಟಾಪ್‌ನಲ್ಲಿ ಆಲ್ಟೇರ್ ಎಮ್ಯುಲೇಟರ್ ಯಾವ ಕಡಿವಾಣವೂ ಇಲ್ಲದೆ ಓಡುತ್ತದೆ, ಆಗ ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು ಪಾಠದ ತಿರುಳೇ ಕಳೆದುಹೋಗುತ್ತದೆ. ಮೂಲ ಆಲ್ಟೇರ್‌ನ 8080 ಪ್ರೊಸೆಸರ್ 2 ಮೆಗಾಹರ್ಟ್ಸ್ ವೇಗದ್ದು. ಎಮ್ಯುಲೇಟರಿನಲ್ಲೂ ಅಷ್ಟಕ್ಕೇ ನಿಲ್ಲಿಸಿದೆ. ಡಾಸ್‌ಬಾಕ್ಸ್‌ನಲ್ಲಿ ಸೈಕಲ್ ಸಂಖ್ಯೆಯನ್ನು ಸುಮಾರು 300ಕ್ಕೆ ಇಳಿಸಿದರೆ 1981ರ ಐಬಿಎಂ ಪಿಸಿಯ 4.77 ಮೆಗಾಹರ್ಟ್ಸ್‌ನ 8088 ಪ್ರೊಸೆಸರಿನ ಹತ್ತಿರಕ್ಕೆ ಬರುತ್ತದೆ. ಈ ಒಂದು ಬದಲಾವಣೆಯಿಂದ ತರಗತಿಯ ಹವೆಯೇ ಬದಲಾಯಿತು. ಪರದೆ ಸಾಲು ಸಾಲಾಗಿ ತುಂಬುವುದನ್ನು ಕಾಯುತ್ತ ಕುಳಿತ ಹುಡುಗರು, ಕಂತಿನಲ್ಲಿ ಅತಿಥಿಗಳು 'ನೋಡಿ, ಎಷ್ಟು ಬೇಗ ಆಯಿತು' ಎಂಬ ಧಾಟಿಯಲ್ಲಿ ಮಾತನಾಡುವುದನ್ನು ಕೇಳಿ ಮೊದಲು ನಕ್ಕಿದ್ದವರು, ಆಮೇಲೆ ನಗಲಿಲ್ಲ.

ಸಿಪಿ/ಎಂ ಭಾಗದಲ್ಲಿ ನಾನು ಹೆಚ್ಚು ಹೊತ್ತು ನಿಂತೆ, ಅದಕ್ಕೆ ಕಾರಣ ಕಿಲ್ಡಾಲ್. ಅವರು ಮಾಂಟೆರೆಯ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು, ಇಂಟೆಲ್ ಕಂಪನಿಗೆ ಸಲಹೆಗಾರರಾಗಿ ಪಿಎಲ್/ಎಂ ಎಂಬ ಭಾಷೆಯನ್ನು ರೂಪಿಸಿದವರು, 1974ರಲ್ಲಿ ಸಿಪಿ/ಎಂ ಬರೆದವರು. ಆ ಸಿಸ್ಟಂ ಆರಂಭವಾದಾಗ ಪರದೆಯಲ್ಲಿ ಕಾಣುವುದು ಒಂದು ಎ ಅಕ್ಷರ ಮತ್ತು ಅದರ ಪಕ್ಕ ಒಂದು ಬಾಣದ ಗುರುತು, ಅಷ್ಟೇ. ಮೊದಲ ಸಲ ಇದನ್ನು ತೆರೆದು ಕೊಟ್ಟಾಗ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಮುಂದೆ ಏನು ಒತ್ತಬೇಕು? ಇದು ಏನೂ ಹೇಳ್ತಾನೇ ಇಲ್ವಲ್ಲ." ಅವಳ ಮಾತು ನನಗೆ ತುಂಬ ಬೆಲೆಯುಳ್ಳದ್ದಾಗಿ ಕಂಡಿತು, ಏಕೆಂದರೆ ಮುಂದಿನ ಹತ್ತು ವರ್ಷಗಳ ಕಂತುಗಳಲ್ಲಿ ಬರುವ ಮೆನು, ಮೌಸ್, ಕಿಟಕಿಗಳು, ಚಿತ್ರಸಂಕೇತಗಳು ಎಲ್ಲವೂ ಉತ್ತರ ಕೊಡಲು ಹೊರಟದ್ದು ಇದೇ ಪ್ರಶ್ನೆಗೆ.

ಕಡತಗಳನ್ನು ನಕಲು ಮಾಡುವ 'ಪಿಪ್' ಎಂಬ ಆಜ್ಞೆಯ ಮೇಲೆ ಒಂದು ಇಡೀ ಅವಧಿ ಕಳೆದೆವು. ಬಿ ಡಿಸ್ಕಿಗೆ ಎ ಡಿಸ್ಕಿನಿಂದ ಕಡತ ಸಾಗಿಸಬೇಕಾದರೆ ಮೊದಲು ಬಿ, ನಡುವೆ ಸಮ ಚಿಹ್ನೆ, ಆಮೇಲೆ ಎ ಎಂದು ಬರೆಯಬೇಕು. ಹೋಗುವ ಊರು ಮೊದಲು, ಹೊರಟ ಊರು ಆಮೇಲೆ. ಡಾಸ್‌ನ ಕಾಪಿ ಆಜ್ಞೆ ಬಲ್ಲವರಿಗೆ ಇದು ತಿರುವುಮುರುವಾಗಿ ಕಾಣುತ್ತದೆ. ಆದರೆ ಪ್ರೋಗ್ರಾಮಿನಲ್ಲಿ ಎಡಗಡೆಯ ಚರಕ್ಕೆ ಬಲಗಡೆಯ ಬೆಲೆಯನ್ನು ಕೊಡುವ ಸಾಲನ್ನು ನೆನಪಿಸಿಕೊಂಡರೆ ಎಲ್ಲವೂ ಸರಿಹೋಗುತ್ತದೆ. ಕಿಲ್ಡಾಲ್‌ಗೆ ಈ ರೂಢಿ ಬಂದದ್ದು ಡಿಇಸಿ ಕಂಪನಿಯ ದೊಡ್ಡ ಯಂತ್ರಗಳಿಂದ; ಅಲ್ಲಿಯೂ ಪಿಪ್ ಎಂಬ ಹೆಸರಿನ ಸಾಧನವೇ ಇತ್ತು. ಮೈಕ್ರೋಕಂಪ್ಯೂಟರ್ ಶೂನ್ಯದಿಂದ ಹುಟ್ಟಲಿಲ್ಲ, ತನಗಿಂತ ದೊಡ್ಡ ಯಂತ್ರಗಳ ನುಡಿಗಟ್ಟನ್ನು ಹೊತ್ತು ತಂದಿತು ಎಂಬುದಕ್ಕೆ ಒಂದು ಸಮ ಚಿಹ್ನೆ ಸಾಕ್ಷಿಯಾಯಿತು.

ಸಿಪಿ/ಎಂ ಜೊತೆಗೇ ಬರುತ್ತಿದ್ದ 'ಎಡ್' ಎಂಬ ಎಡಿಟರ್ ಇನ್ನೊಂದು ಪಾಠ. ಅದರಲ್ಲಿ ಕಡತವನ್ನು ತೆರೆದರೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ಇಂತಿಷ್ಟು ಸಾಲುಗಳನ್ನು ಮೆಮೊರಿಗೆ ತಾ ಎಂದು ಹೇಳಬೇಕು, ಇಂತಿಷ್ಟು ಸಾಲುಗಳನ್ನು ತೋರಿಸು ಎಂದು ಹೇಳಬೇಕು, ಸೇರಿಸುವುದಕ್ಕೆ ಒಂದು ಅಕ್ಷರ, ಸೇರಿಸಿದ್ದು ಮುಗಿಯಿತೆನ್ನಲು ಕಂಟ್ರೋಲ್ ಜೊತೆ ಝಡ್. ನಾಲ್ಕು ಸಾಲಿನ ರಜೆ ಅರ್ಜಿಯನ್ನು ಇದರಲ್ಲಿ ಬರೆಯಲು ಹೇಳಿದೆ. ಬರೆದು ಮುಗಿಸಿದವರಿಗೆ, 1978ರಲ್ಲಿ ಬಂದ ವರ್ಡ್‌ಸ್ಟಾರ್ ಪಠ್ಯವನ್ನು ಪರದೆಯ ಮೇಲೆಯೇ ಇರಿಸಿ, ಕರ್ಸರನ್ನು ನಾಲ್ಕೂ ದಿಕ್ಕಿಗೆ ಓಡಾಡಿಸಿ ತಿದ್ದಲು ಬಿಟ್ಟಿತು ಎಂಬ ಒಂದು ವಾಕ್ಯವನ್ನು ವಿವರಿಸಬೇಕಾದ ಅಗತ್ಯವೇ ಬರಲಿಲ್ಲ.

ಆಪರೇಟಿಂಗ್ ಸಿಸ್ಟಂ ಪಾಠದ ಮಟ್ಟಿಗೆ ಸಿಪಿ/ಎಂನಷ್ಟು ಒಳ್ಳೆಯ ಮಾದರಿ ಇನ್ನೊಂದಿಲ್ಲ ಎನ್ನುವಷ್ಟು ನನಗೆ ಅದರ ಮೇಲೆ ಅಭಿಮಾನವಿದೆ. ಅದರ ರಚನೆಯಲ್ಲಿ ಮೂರು ಭಾಗಗಳು: ಬಳಕೆದಾರನ ಆಜ್ಞೆಯನ್ನು ಓದುವ ಭಾಗ, ಕಡತಗಳನ್ನು ನೋಡಿಕೊಳ್ಳುವ ಭಾಗ, ಯಂತ್ರದೊಡನೆ ನೇರವಾಗಿ ವ್ಯವಹರಿಸುವ ಬಯಾಸ್. ಬಳಕೆದಾರನ ಪ್ರೋಗ್ರಾಂ ಮೆಮೊರಿಯ 256ನೆಯ ಬೈಟಿನಿಂದ ಕೂರುತ್ತದೆ. ಜಾಗ ಸಾಲದಿದ್ದರೆ ಆ ಪ್ರೋಗ್ರಾಂ ಆಜ್ಞೆ ಓದುವ ಭಾಗದ ಮೇಲೆಯೇ ಹಬ್ಬಿಕೊಳ್ಳಬಹುದು, ಕೆಲಸ ಮುಗಿದ ಮೇಲೆ ಆ ಭಾಗವನ್ನು ಡಿಸ್ಕಿನಿಂದ ಮತ್ತೆ ತಂದುಕೊಳ್ಳಲಾಗುತ್ತದೆ. ಹೊಸ ಯಂತ್ರಕ್ಕೆ ಸಿಪಿ/ಎಂ ಬೇಕೆಂದರೆ ತಯಾರಕ ತಿದ್ದಬೇಕಾದದ್ದು ಬಯಾಸನ್ನು ಮಾತ್ರ; 2.2 ಆವೃತ್ತಿಯಲ್ಲಿ ಅದಕ್ಕೆ ಇದ್ದ ಪ್ರವೇಶದ್ವಾರಗಳು 17. ಈ ಹದಿನೇಳು ದ್ವಾರಗಳ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದು, ಎಪ್ಪತ್ತರ ದಶಕದ ಕೊನೆಯ ಪ್ರತಿಯೊಬ್ಬ ಕಂಪ್ಯೂಟರ್ ತಯಾರಕನೂ ಇಷ್ಟನ್ನು ತುಂಬಿಕೊಟ್ಟರೆ ಸಾಕಿತ್ತು, ಅವನ ಯಂತ್ರದಲ್ಲಿ ಆ ಹೊತ್ತಿಗಿದ್ದ ಸಿಪಿ/ಎಂ ತಂತ್ರಾಂಶದ ಬಹುಪಾಲು ಓಡುತ್ತಿತ್ತು ಎಂದು ಹೇಳಿದಾಗ ತರಗತಿಯಲ್ಲಿ ಒಂದು ಬೆಳಕು ಹರಿದಂತಾಯಿತು. ಯಂತ್ರ ಯಾರದ್ದೇ ಇರಲಿ, ತಂತ್ರಾಂಶ ನಡೆಯಬೇಕೆಂಬ ವಿಚಾರ ಪರ್ಸನಲ್ ಕಂಪ್ಯೂಟರಿನ ಉದಯಕ್ಕೆ ಪ್ರೊಸೆಸರಿನಷ್ಟೇ ಮುಖ್ಯವಾಗಿತ್ತೆಂದು ನಾನು ಭಾವಿಸುತ್ತೇನೆ.

ಅಂಕಿಗಳನ್ನು ಕೈಯಲ್ಲಿ ಲೆಕ್ಕ ಮಾಡಿಸುವುದೂ ಉಪಯುಕ್ತ. ಸಿಪಿ/ಎಂನ ಮೂಲ ಪ್ರಮಾಣಿತ ಎಂಟು ಅಂಗುಲದ ಫ್ಲಾಪಿಯಲ್ಲಿ 77 ಟ್ರ್ಯಾಕ್, ಪ್ರತಿ ಟ್ರ್ಯಾಕಿಗೆ 26 ಸೆಕ್ಟರ್, ಪ್ರತಿ ಸೆಕ್ಟರಿಗೆ 128 ಬೈಟ್. ಗುಣಿಸಿದರೆ 2,56,256 ಬೈಟ್. ತಮ್ಮ ಫೋನಿನ ಒಂದು ಫೋಟೋಗೆ ಇಂಥ ಫ್ಲಾಪಿ ಎಷ್ಟು ಬೇಕೆಂದು ಪ್ರತಿಯೊಬ್ಬರೂ ಲೆಕ್ಕ ಹಾಕಿದರು. ಡಿಸ್ಕ್ ಬದಲಿಸಿದ ಮೇಲೆ ಕಂಟ್ರೋಲ್ ಜೊತೆ ಸಿ ಒತ್ತದೆ ಬರೆಯಲು ಹೋದರೆ ಸಿಪಿ/ಎಂ 2.2 ಆ ಡಿಸ್ಕನ್ನು ಓದಲಷ್ಟೇ ಯೋಗ್ಯ ಎಂದು ಘೋಷಿಸಿ ಕೆಲಸ ನಿಲ್ಲಿಸುತ್ತದೆ. ಹಳೆಯ ಡಿಸ್ಕಿನ ಕಡತಪಟ್ಟಿಯ ಮೊತ್ತ ಹೊಸದರೊಂದಿಗೆ ತಾಳೆಯಾಗದಿದ್ದಾಗ, ತಪ್ಪು ಡಿಸ್ಕಿನ ಮೇಲೆ ಬರೆದು ಮಾಹಿತಿ ಹಾಳಾಗದಿರಲೆಂದು ಮಾಡಿದ ಏರ್ಪಾಡು ಅದು. ಪಠ್ಯಪುಸ್ತಕದಲ್ಲಿ ಒಂದು ಪ್ಯಾರಾ ಓದಿ ಮರೆಯುವ ವಿಷಯವನ್ನು ವಿದ್ಯಾರ್ಥಿಗಳು ಹೀಗೆ ಪರದೆಯ ಮುಂದೆ ಎದುರುಗೊಂಡರು.

ಇನ್ನು ವಿಸಿಕ್ಯಾಲ್ಕ್. 1979ರಲ್ಲಿ ಆಪಲ್ 2 ಯಂತ್ರಕ್ಕಾಗಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರ್ಯಾಂಕ್‌ಸ್ಟನ್ ರಚಿಸಿದ, ಪರ್ಸನಲ್ ಕಂಪ್ಯೂಟರಿನ ಈ ಮೊದಲ ಸ್ಪ್ರೆಡ್‌ಶೀಟ್ ವ್ಯಾಪಾರಸ್ಥರ ಮೇಜಿಗೆ ಕಂಪ್ಯೂಟರನ್ನು ತಂದಿತೆಂಬ ಮಾತು ಸರಣಿಯ ಉದ್ದಕ್ಕೂ ಕೇಳಿಬರುತ್ತದೆ. 1981ರ ಐಬಿಎಂ ಪಿಸಿ ಆವೃತ್ತಿಯ ಕಡತ 27 ಕಿಲೋಬೈಟ್‌ನ ಆಸುಪಾಸಿನಷ್ಟು ಚಿಕ್ಕದು. ಅದರೊಳಗೆ 63 ಕಂಬಸಾಲು, 254 ಅಡ್ಡಸಾಲುಗಳ ಹಾಳೆ. ಓರೆಗೆರೆಯ ಕೀಲಿ ಒತ್ತಿದರೆ ಮೇಲಿನ ಸಾಲಿನಲ್ಲಿ ಆಜ್ಞೆಗಳ ಮೊದಲ ಅಕ್ಷರಗಳು ಮಾತ್ರ ಸಾಲಾಗಿ ಮೂಡುತ್ತವೆ, ಅವುಗಳ ಅರ್ಥವನ್ನು ಕೈಪಿಡಿಯಿಂದಲೇ ತಿಳಿಯಬೇಕು.

ನಾವು ಹಾಸ್ಟೆಲ್ ಮೆಸ್ಸಿನ ತಿಂಗಳ ಲೆಕ್ಕವನ್ನು ಅದರಲ್ಲಿ ಕೂಡಿಸಿದೆವು. ಅಕ್ಕಿ, ಬೇಳೆ, ತರಕಾರಿ, ಹಾಲು, ಗ್ಯಾಸ್ ಎಂದು ಒಂದರ ಕೆಳಗೊಂದು. ಕೊನೆಯಲ್ಲಿ ಒಟ್ಟು ಮೊತ್ತ. ಒಬ್ಬೊಬ್ಬರ ಪಾಲು ಎದ್ದು ಕಾಣಲೆಂದು ಅದನ್ನು ಅದೇ ಕಂಬಸಾಲಿನ ತುತ್ತತುದಿಯಲ್ಲಿ ಇಡಬೇಕೆಂದು ವಿದ್ಯಾರ್ಥಿಗಳು ತೀರ್ಮಾನಿಸಿದರು. ತರಕಾರಿಯ ಬೆಲೆ ಬದಲಿಸಿದಾಗ ಒಟ್ಟು ಮೊತ್ತ ಬದಲಾಯಿತು, ತಲೆಗೆ ಬರುವ ಪಾಲು ಮಾತ್ರ ಹಳೆಯದೇ ಉಳಿಯಿತು. ಆಶ್ಚರ್ಯಸೂಚಕ ಚಿಹ್ನೆಯ ಕೀಲಿಯನ್ನು ಒತ್ತಿ ಮರುಲೆಕ್ಕ ಮಾಡಿಸಿದ ಮೇಲೆಯೇ ಅದು ಸರಿಯಾದದ್ದು. ಕಾರಣ ಸರಳ: ವಿಸಿಕ್ಯಾಲ್ಕ್ ಯಾವ ಕೋಶ ಯಾವುದನ್ನು ಅವಲಂಬಿಸಿದೆ ಎಂದು ಹುಡುಕುವುದಿಲ್ಲ, ಕಂಬಸಾಲಿನ ಅಥವಾ ಅಡ್ಡಸಾಲಿನ ಕ್ರಮದಲ್ಲಿ ಮೇಲಿನಿಂದ ಲೆಕ್ಕ ಮಾಡುತ್ತ ಹೋಗುತ್ತದೆ. ಮೇಲಿನ ಕೋಶ ಕೆಳಗಿನ ಮೊತ್ತವನ್ನು ಕೇಳಿದಾಗ ಆ ಮೊತ್ತ ಇನ್ನೂ ಹೊಸದಾಗಿರುವುದಿಲ್ಲ. ಅವಲಂಬನೆಯ ಸರಣಿಯನ್ನು ಕಂಡುಹಿಡಿದು ಲೆಕ್ಕ ಮಾಡುವ ಕ್ರಮ ಏಕೆ ಬೇಕಾಯಿತು ಎಂಬುದನ್ನು ಡೇಟಾ ಸ್ಟ್ರಕ್ಚರ್ ಪಾಠದಲ್ಲಿ ಗ್ರಾಫ್ ಬಿಡಿಸಿ ಹೇಳುವುದಕ್ಕಿಂತ ಈ ಮೆಸ್ಸಿನ ಹಾಳೆ ಹೆಚ್ಚು ಚೆನ್ನಾಗಿ ಹೇಳಿತು. ಹಾಗೆಂದು ವಿಸಿಕ್ಯಾಲ್ಕ್ ಅನ್ನು ಕೀಳಾಗಿ ಕಾಣಲು ನಾನು ಬಿಡಲಿಲ್ಲ. ಒಂದು ಸಂಖ್ಯೆ ಬದಲಾದರೆ ಇಡೀ ಹಾಳೆಯನ್ನು ರಬ್ಬರಿನಿಂದ ಒರೆಸಿ ಪೆನ್ಸಿಲಿನಿಂದ ಮತ್ತೆ ಬರೆಯುತ್ತಿದ್ದವರಿಗೆ, ಕಣ್ಣೆದುರೇ ಸಂಖ್ಯೆಗಳು ತಾವಾಗಿ ಬದಲಾಗುವ ಪರದೆ ಎಂಥದ್ದಾಗಿ ಕಂಡಿರಬೇಕೆಂದು ನೆನೆದರೆ ಇಂದಿಗೂ ನನಗೆ ರೋಮಾಂಚನವಾಗುತ್ತದೆ.

ಸರಣಿಯಲ್ಲಿ ನಾನು ಅತಿ ಹೆಚ್ಚು ಸಲ ನೋಡಿರುವುದು 1987ರ ಹೈಪರ್‌ಕಾರ್ಡ್ ಕಂತು. ಮ್ಯಾಕಿಂಟಾಷ್‌ನ ಚಿತ್ರ ತಂತ್ರಾಂಶಗಳ ಹಿಂದಿದ್ದ ಬಿಲ್ ಆಟ್‌ಕಿನ್‌ಸನ್, ಹೈಪರ್‌ಟಾಕ್ ಭಾಷೆಯನ್ನು ರಚಿಸಿದ ಡ್ಯಾನ್ ವಿಂಕ್ಲರ್ ಜೊತೆ ಬಂದು ತಮ್ಮ ಹೊಸ ಸೃಷ್ಟಿಯನ್ನು ತೋರಿಸುತ್ತಾರೆ. ಪ್ರತಿ ಮಾಹಿತಿಯೂ ಒಂದು ಕಾರ್ಡು, ಕಾರ್ಡುಗಳ ಕಂತೆ ಒಂದು ಸ್ಟ್ಯಾಕ್, ಕಾರ್ಡಿನ ಮೇಲೆ ಒತ್ತಬಹುದಾದ ಗುಂಡಿಗಳು, ಗುಂಡಿ ಒತ್ತಿದರೆ ಇನ್ನೊಂದು ಕಾರ್ಡಿಗೆ ಜಿಗಿತ. ಪ್ರೋಗ್ರಾಮರ್ ಅಲ್ಲದವರೂ ತಮಗೆ ಬೇಕಾದ ಸಾಧನವನ್ನು ತಾವೇ ಕಟ್ಟಿಕೊಳ್ಳಬೇಕು ಎಂಬ ಆಸೆ ಆಟ್‌ಕಿನ್‌ಸನ್ ಅವರ ಮಾತಿನ ಪ್ರತಿ ತಿರುವಿನಲ್ಲಿಯೂ ಕಾಣುತ್ತದೆ. ಅವರು 2025ರ ಜೂನ್‌ನಲ್ಲಿ ತೀರಿಕೊಂಡ ಸುದ್ದಿ ಬಂದಾಗ ನಾನು ಮೊದಲು ತೆರೆದದ್ದು ಇದೇ ಕಂತನ್ನು.

ಬ್ರೌಸರಿನಲ್ಲಿ ನಡೆಯುವ ಹೈಪರ್‌ಕಾರ್ಡ್ ತೆರೆದಾಗ ಮೊದಲ ಕೆಲಸ ಬಳಕೆದಾರನ ಹಂತವನ್ನು ಐದಕ್ಕೆ ಏರಿಸುವುದು. ಓದುವುದು, ಬರೆಯುವುದು, ಚಿತ್ರಿಸುವುದು, ರಚಿಸುವುದು, ಸ್ಕ್ರಿಪ್ಟ್ ಬರೆಯುವುದು ಎಂದು ಅಲ್ಲಿ ಐದು ಹಂತಗಳಿವೆ. ಕೊನೆಯ ಹಂತಕ್ಕೇರದೆ ಗುಂಡಿಯೊಳಗಿನ ಸ್ಕ್ರಿಪ್ಟ್ ಕಾಣುವುದಿಲ್ಲ. ಒಬ್ಬ ವಿದ್ಯಾರ್ಥಿ ನಮ್ಮ ಕಾಲೇಜಿನ ಕೊಠಡಿಗಳ ನಕ್ಷೆಯನ್ನು ಕಪ್ಪು-ಬಿಳುಪಿನಲ್ಲಿ ಬಿಡಿಸಿ, ಪ್ರತಿ ಕೊಠಡಿಯ ಮೇಲೂ ಪಾರದರ್ಶಕ ಗುಂಡಿ ಇರಿಸಿ, ಪ್ರತಿಯೊಂದರೊಳಗೆ ಮೂರೇ ಸಾಲು ಬರೆದ: ಮೌಸ್ ಗುಂಡಿಯನ್ನು ಬಿಟ್ಟಾಗ ಎಂದು ಮೊದಲ ಸಾಲು, ಇಂಥ ಕಾರ್ಡಿಗೆ ಹೋಗು ಎಂದು ಎರಡನೆಯದು, ಮುಗಿಯಿತು ಎಂದು ಮೂರನೆಯದು. ಲೈಬ್ರರಿಯನ್ನು ಒತ್ತಿದರೆ ಲೈಬ್ರರಿಯ ಕಾರ್ಡು ತೆರೆಯುತ್ತದೆ. ಇದೆಲ್ಲ ನಡೆಯುತ್ತಿರುವುದು ವೆಬ್ ಹುಟ್ಟುವುದಕ್ಕೆ ಮೂರು-ನಾಲ್ಕು ವರ್ಷ ಮೊದಲಿನ ತಂತ್ರಾಂಶದಲ್ಲಿ ಎಂದು ನೆನಪಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮೇಡಂ, ಬೇರೆ ಕಂಪ್ಯೂಟರಿನಲ್ಲಿರೋ ಕಾರ್ಡಿಗೆ ಹೋಗು ಅಂತ ಬರೆಯೋಕಾಗಲ್ವಾ?" ಎಂದು ಕೇಳಿದ. ಹೈಪರ್‌ಕಾರ್ಡಿನ ಸ್ಟ್ಯಾಕುಗಳು ಒಂದೊಂದು ಯಂತ್ರದ ಡಿಸ್ಕಿನಲ್ಲಿ ಉಳಿದುಕೊಂಡವು, ಜಾಲಕ್ಕೆ ಹರಡುವ ಹೆಜ್ಜೆಯನ್ನು ಬೇರೆಯವರು ಇಟ್ಟರು. ಆ ಕೊರತೆಯನ್ನು ಅವನು ಪುಸ್ತಕ ಓದದೆ, ತಾನೇ ಕಟ್ಟಿದ ನಕ್ಷೆಯ ಮುಂದೆ ಕುಳಿತು ಕಂಡುಕೊಂಡಿದ್ದ. 1993ರ 'ಮಿಸ್ಟ್' ಆಟದ ಮೂಲ ಮ್ಯಾಕ್ ಆವೃತ್ತಿ ಇದೇ ಹೈಪರ್‌ಕಾರ್ಡಿನ ಮೇಲೆ ನಿಂತಿತ್ತೆಂಬುದು ಅವರಿಗೆಲ್ಲ ಇನ್ನಷ್ಟು ಹುರುಪು ಕೊಟ್ಟಿತು.

ಎಲ್ಲ ಕಂತುಗಳಿಗೂ ಈ ಕ್ರಮ ಒಗ್ಗುವುದಿಲ್ಲ. ಮುದ್ರಕಗಳು, ಮೋಡೆಮ್‌ಗಳು, ಸಂಗೀತ ಸಾಧನಗಳು, ರೋಬೋಟ್‌ಗಳ ಕಂತುಗಳನ್ನು ನೋಡಿ ಮುಂದೆ ಸಾಗುತ್ತೇನೆ. ವ್ಯಾಪಾರ ಮೇಳಗಳ ವರದಿಗಳಿಗೂ ನಾನು ಹೆಚ್ಚು ಸಮಯ ಕೊಡುವುದಿಲ್ಲ.

ಹೆಜ್ಜೆಗಳನ್ನು ಬರೆದುಕೊಳ್ಳುವ ಬಗ್ಗೆ ಒಂದೆರಡು ಮಾತು ಹೇಳಬೇಕು. ಎಂಬತ್ತರ ದಶಕದ ಟಿ.ವಿ. ಕ್ಯಾಮೆರಾ ಕಂಪ್ಯೂಟರ್ ಪರದೆಯನ್ನು ಚಿತ್ರಿಸಿದಾಗ ಅಕ್ಷರಗಳು ಕಲಸಿಹೋಗುತ್ತವೆ, ಪರದೆಯ ಮೇಲೆ ಪಟ್ಟಿಗಳು ಹರಿಯುತ್ತವೆ. ಕಂತನ್ನು ನಿಲ್ಲಿಸಿ ಓದಲು ಹೆಣಗುವುದಕ್ಕಿಂತ, ಅತಿಥಿಯ ಮಾತನ್ನು ಕೇಳಿ ಯಾವ ಕೆಲಸ ನಡೆಯುತ್ತಿದೆ ಎಂದು ಗುರುತಿಸಿ, ಆ ತಂತ್ರಾಂಶದ ಕೈಪಿಡಿಯ ಸ್ಕ್ಯಾನ್ ಪ್ರತಿಯಲ್ಲಿ ಆಜ್ಞೆಯನ್ನು ಹುಡುಕುವುದು ಉತ್ತಮ. ಬಿಟ್‌ಸೇವರ್ಸ್ ಸಂಗ್ರಹದಲ್ಲಿಯೂ ಇಂಟರ್ನೆಟ್ ಆರ್ಕೈವ್‌ನಲ್ಲಿಯೂ ಇಂಥ ಕೈಪಿಡಿಗಳು ಸಾಕಷ್ಟಿವೆ. ಕಂತಿನ ಕಾಲ ತಿಳಿಯಲು ಕೊನೆಯಲ್ಲಿ ಬರುವ 'ರ್‍ಯಾಂಡಂ ಆಕ್ಸೆಸ್' ಎಂಬ ಸುದ್ದಿ ಭಾಗವನ್ನು ಬಿಡದೆ ಕೇಳಬೇಕು. ಯಾವ ಕಂಪನಿ ಬೆಲೆ ಇಳಿಸಿತು, ಯಾವ ಯಂತ್ರ ಮಾರುಕಟ್ಟೆಗೆ ಬಂತು ಎಂಬ ಸುದ್ದಿಗಳಿಂದ ಆ ವಾರ ಯಾವುದೆಂದು ನಿಖರವಾಗಿ ಗೊತ್ತಾಗುತ್ತದೆ. ಪಾಲ್ ಶಿಂಡ್ಲರ್ ಅವರ ತಂತ್ರಾಂಶ ವಿಮರ್ಶೆಯನ್ನೂ ತಪ್ಪಿಸಬಾರದು, ಏಕೆಂದರೆ ತಯಾರಕರ ಉತ್ಸಾಹದ ನಡುವೆ ಬಳಕೆದಾರನ ಪರವಾಗಿ ಮಾತನಾಡುವ ದನಿ ಅವರದು.

ಕಿಲ್ಡಾಲ್ ಬಗ್ಗೆ ಮತ್ತೆ ಹೇಳದಿರಲಾರೆ. ಐಬಿಎಂನವರು ತಮ್ಮ ಪಿಸಿಗೆ ಆಪರೇಟಿಂಗ್ ಸಿಸ್ಟಂ ಕೇಳಿಕೊಂಡು ಬಂದ ದಿನ ಕಿಲ್ಡಾಲ್ ವಿಮಾನ ಹಾರಿಸುತ್ತ ಮೋಜು ಮಾಡುತ್ತಿದ್ದರು, ಹಾಗಾಗಿ ಅವಕಾಶ ಮೈಕ್ರೋಸಾಫ್ಟ್ ಪಾಲಾಯಿತು ಎಂಬ ಕಥೆಯನ್ನು ನಮ್ಮ ವಿದ್ಯಾರ್ಥಿಗಳೂ ಎಲ್ಲಿಂದಲೋ ಕೇಳಿ ಬಂದಿರುತ್ತಾರೆ. ನಿಜವೇನೆಂದರೆ, ಕಿಲ್ಡಾಲ್ ಅಂದು ಸಹೋದ್ಯೋಗಿ ಟಾಮ್ ರೋಲ್ಯಾಂಡರ್ ಜೊತೆ ವಿಮಾನದಲ್ಲಿ ಹೋದದ್ದು ವ್ಯವಹಾರದ ಕೆಲಸಕ್ಕೆ. ಐಬಿಎಂನ ಗೌಪ್ಯತಾ ಒಪ್ಪಂದಕ್ಕೆ ಸಹಿ ಹಾಕಲು ಅವರ ಪತ್ನಿ, ಕಂಪನಿಯ ಆಡಳಿತ ನೋಡಿಕೊಳ್ಳುತ್ತಿದ್ದ ಡೊರೊಥಿ, ಹಿಂಜರಿದರು. ಕೊನೆಗೆ ಐಬಿಎಂ ತನ್ನ ಪಿಸಿಗೆ ಸಿಪಿ/ಎಂ-86 ಅನ್ನೂ ಮಾರಿತು, ಆದರೆ ಮೈಕ್ರೋಸಾಫ್ಟ್ ಒದಗಿಸಿದ ಪಿಸಿ-ಡಾಸ್‌ನ ಬೆಲೆ 40 ಡಾಲರ್ ಇದ್ದರೆ ಅದರ ಬೆಲೆ 240 ಡಾಲರ್. ಒಂದು ದಿನದ ಹಾರಾಟಕ್ಕಿಂತ ಈ ಎರಡು ಬೆಲೆಗಳು ಆ ಚರಿತ್ರೆಯನ್ನು ಹೆಚ್ಚು ವಿವರಿಸುತ್ತವೆ ಎಂದು ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ. ಸರಣಿಯಲ್ಲಿ ಕಾಣುವ ಕಿಲ್ಡಾಲ್ ಸೋತು ಕಹಿಯಾದ ಮನುಷ್ಯನಲ್ಲ. ಬೇರೆಯವರ ಸೃಷ್ಟಿಯನ್ನು ಕುತೂಹಲದಿಂದ ಮುಟ್ಟಿ ನೋಡುತ್ತ, ಮೃದುವಾಗಿ ಆದರೆ ತಿರುಳಿಗೇ ತಾಗುವಂತೆ ಪ್ರಶ್ನೆ ಕೇಳುವ ಮೇಷ್ಟರು. ಪ್ರತಿಸ್ಪರ್ಧಿಗಳ ತಂತ್ರಾಂಶವನ್ನು ಅವರು ಹೊಗಳುವ ರೀತಿಯನ್ನು ನಮ್ಮ ಕಡೆಯ ಮೇಷ್ಟರುಗಳೂ ನೋಡಬೇಕು. 1994ರ ಜುಲೈನಲ್ಲಿ, ಐವತ್ತೆರಡನೆಯ ವಯಸ್ಸಿಗೆ ಅವರು ತೀರಿಕೊಂಡ ಮೇಲೆ, 1995ರಲ್ಲಿ ಸರಣಿ ಅವರಿಗಾಗಿಯೇ ಒಂದು ವಿಶೇಷ ಕಂತನ್ನು ಮೀಸಲಿಟ್ಟಿತು. ಸಿಪಿ/ಎಂ ಮೇಲೆ ಕೈಯಾಡಿಸಿದ ನಂತರವೇ ಆ ಕಂತನ್ನು ತೋರಿಸುವುದು ನನ್ನ ರೂಢಿ; ಪಿಪ್ ಬರೆದ, ಬಯಾಸ್ ಬೇರ್ಪಡಿಸಿದ ಮನುಷ್ಯ ವಿದ್ಯಾರ್ಥಿಗಳಿಗೆ ಆ ಹೊತ್ತಿಗೆ ಪರಿಚಿತರಾಗಿರುತ್ತಾರೆ.

ಹೊಸದಾಗಿ ಇದನ್ನು ಕೈಗೆತ್ತಿಕೊಳ್ಳುವವರು ಸರಣಿಯನ್ನು ಮೊದಲ ಕಂತಿನಿಂದ ಕ್ರಮವಾಗಿ ನೋಡಲು ಹೊರಡಬೇಕಾಗಿಲ್ಲ. ಆಪರೇಟಿಂಗ್ ಸಿಸ್ಟಂಗಳ ಮೇಲಿನ 1984ರ ಕಂತನ್ನು ಸಿಪಿ/ಎಂ ಜೊತೆ, ಎಂಬತ್ತರ ದಶಕದ ಯಾವುದಾದರೂ ಸ್ಪ್ರೆಡ್‌ಶೀಟ್ ಕಂತನ್ನು ವಿಸಿಕ್ಯಾಲ್ಕ್ ಜೊತೆ, 1987ರ ಹೈಪರ್‌ಕಾರ್ಡ್ ಕಂತನ್ನು ಬ್ರೌಸರಿನ ಹೈಪರ್‌ಕಾರ್ಡ್ ಜೊತೆ ಇಟ್ಟುಕೊಂಡರೆ ಸಾಕು. ಎಮ್ಯುಲೇಟರನ್ನು ಹಿಂದಿನ ದಿನವೇ ಹೂಡಿ, ವೇಗ ಇಳಿಸಿ, ಕೈಪಿಡಿಯ ಬೇಕಾದ ಪುಟಗಳನ್ನು ಮುದ್ರಿಸಿಡಿ. ಒಂದು ಯಂತ್ರಕ್ಕೆ ಇಬ್ಬರಿಗಿಂತ ಹೆಚ್ಚು ಜನ ಬೇಡ, ಒಬ್ಬರು ಕೈಪಿಡಿ ಓದಿ ಹೇಳಲಿ, ಇನ್ನೊಬ್ಬರು ಕೀಲಿ ಒತ್ತಲಿ. ನಾನು ಈಗ ತೊಂಬತ್ತರ ದಶಕದ ಕಂತುಗಳಿಗೆ ಬಂದಿದ್ದೇನೆ. 1990ರ ಮೇ ತಿಂಗಳಲ್ಲಿ ಬಂದ ವಿಂಡೋಸ್ 3.0 ಸುತ್ತಲಿನ ಚರ್ಚೆಗಳನ್ನು ನೋಡುತ್ತ, ಅದನ್ನು 86ಬಾಕ್ಸ್‌ನಲ್ಲಿ 286 ಮತ್ತು 386 ಪ್ರೊಸೆಸರುಗಳೆರಡರಲ್ಲೂ ನಡೆಸಿ, ಮೆಮೊರಿಯನ್ನು ಅದು ಎರಡು ಬಗೆಯಾಗಿ ಬಳಸುವುದನ್ನು ಮುಂದಿನ ಸೆಮಿಸ್ಟರಿನ ಪ್ರಯೋಗವಾಗಿ ಸಿದ್ಧಪಡಿಸುತ್ತಿದ್ದೇನೆ.